ಬಾಲಾಚಡಿಯ ಬಾಪು

ರಣಜಿ ಟ್ರೋಫಿಯ ಹೆಸರು ಕೇಳದವರು ನಿಮ್ಮ ಮನೆಯಲ್ಲಿ ಯಾರೂ ಇರಲಾರರು. ಕ್ರಿಕೆಟ್ ಎಂದರೆ ಮೂಗು ಮುರಿಯುವ ಅಜ್ಜಿಯ ಕಿವಿಗೂ ಆ ಹೆಸರು ಒಮ್ಮೆಯಾದರೂ ಬಿದ್ದಿರುತ್ತದೆ. ಆ ರಣಜಿ ಎಂದರೆ ಗುಜರಾತಿನ ಕಡಲಂಚಿನಲ್ಲಿದ್ದ ನವಾನಗರ ಸಂಸ್ಥಾನದ ಅರಸರಾದ ರಣಜಿತ್‌ಸಿಂಹಜಿ. ದುಲೀಪ್ ಟ್ರೋಫಿಗೆ ಹೆಸರು ಕೊಟ್ಟ ದುಲೀಪ್‌ಸಿಂಹಜಿ ಅವರ ಸೋದರನ ಮಗ. ಇವರಿಬ್ಬರನ್ನೂ ನಮ್ಮ ಮಕ್ಕಳು ಕ್ವಿಜ್ ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಆದರೆ ಅದೇ ಮನೆತನದ ಮೂರನೆಯ ಒಬ್ಬರನ್ನು, ದುಲೀಪರ ಅಣ್ಣನನ್ನು, ನಾವು ಮರೆತೇಬಿಟ್ಟಿದ್ದೇವೆ. ದೂರದ ಪೋಲೆಂಡ್ ದೇಶದ ಕಥೋಲಿಕ ಕುಟುಂಬಗಳು ಮಾತ್ರ ಅವರನ್ನು ಮರೆತಿಲ್ಲ. ಅವರ ಹೆಸರು ದಿಗ್ವಿಜಯಸಿಂಹಜಿ. ನವಾನಗರದ ಅರಸರಿಗೆ ಜಾಮ್ ಸಾಹೇಬ್ ಎಂಬ ಬಿರುದು ಇದ್ದುದರಿಂದ ಚರಿತ್ರೆಯಲ್ಲಿ ಅವರು ಜಾಮ್ ಸಾಹೇಬ್ ಎಂದೇ ಪ್ರಸಿದ್ಧರು.

ಅವರು ಹುಟ್ಟಿದ್ದು 1895ರ ಸೆಪ್ಟೆಂಬರ್ 18ರಂದು. ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲೂ ಆಮೇಲೆ ಇಂಗ್ಲೆಂಡಿನಲ್ಲೂ ಓದಿ, ಸುಮಾರು ಹನ್ನೆರಡು ವರ್ಷ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಚಿಕ್ಕಂದಿನಿಂದ ಅರಮನೆಯ ಶಿಸ್ತು, ದೊಡ್ಡವರಾದ ಮೇಲೆ ದಂಡಿನ ಶಿಸ್ತು. 1933ರಲ್ಲಿ ರಣಜಿ ತೀರಿಕೊಂಡಾಗ ಮಕ್ಕಳಿಲ್ಲದ ಅವರ ಸಿಂಹಾಸನಕ್ಕೆ ಇವರು ಬಂದರು. ಇಲ್ಲಿ ಒಂದು ಮಾತನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ರಣಜಿಯವರನ್ನೇ ಬಾಲ್ಯದಲ್ಲಿ ಆಗಿನ ಅರಸರು ದತ್ತು ಎಂದು ಬರಮಾಡಿಕೊಂಡು, ಅಂತಃಪುರದಲ್ಲಿ ಗಂಡುಮಗು ಹುಟ್ಟಿದ ಮೇಲೆ ಬದಿಗೆ ಸರಿಸಿದ್ದರು. ಪಟ್ಟ ಸಿಗಲು ಅವರು 1907ರವರೆಗೆ ಕಾಯಬೇಕಾಯಿತು. ಹೀಗೆ ದತ್ತು ಎಂಬ ಮಾತಿನ ಭಾರ ಎಷ್ಟು, ಅದನ್ನು ಕೊಟ್ಟು ಹಿಂದಕ್ಕೆ ಪಡೆದರೆ ಆಗುವ ನೋವು ಎಷ್ಟು ಎಂಬುದು ಆ ಮನೆತನಕ್ಕೆ ಚೆನ್ನಾಗಿ ಗೊತ್ತಿತ್ತು. ಮುಂದೆ ಈ ಮಾತು ಮತ್ತೆ ಬರುತ್ತದೆ.

ಜಾಮ್ ಸಾಹೇಬರನ್ನು ಸಂತರ ಸಾಲಿಗೆ ಸೇರಿಸುವುದು ನನ್ನ ಉದ್ದೇಶವಲ್ಲ. ಅವರು ತಮ್ಮ ಕಾಲದ ಅರಸರಂತೆಯೇ ಇದ್ದರು. ಬ್ರಿಟಿಷರಿಗೆ ನಿಷ್ಠರು, ಕಾಂಗ್ರೆಸ್ಸಿನ ಚಳವಳಿಗೆ ದೂರದವರು, ಪ್ರಜಾಪ್ರಭುತ್ವದ ಗಾಳಿ ತಮ್ಮ ಸಂಸ್ಥಾನದೊಳಗೆ ಬೀಸುವುದನ್ನು ಅವಸರದಿಂದ ಬಯಸಿದವರಲ್ಲ. ದೇಶೀಯ ಸಂಸ್ಥಾನಿಕರ ಮಂಡಲಿಯ ಮುಖ್ಯಸ್ಥರಾಗಿದ್ದರು. ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಇಷ್ಟೇ ಆಗಿದ್ದರೆ ಅವರ ಬಗೆಗೆ ಈ ಪುಟದಲ್ಲಿ ಬರೆಯುವ ಕಾರಣವಿರಲಿಲ್ಲ.

ಈಗ ನೀವು ನನ್ನೊಡನೆ ಪೋಲೆಂಡಿಗೆ ಬರಬೇಕು. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಜರ್ಮನಿ ಪಶ್ಚಿಮದಿಂದ ಆ ದೇಶದ ಮೇಲೆ ಬಿತ್ತು. ಹದಿನಾರು ದಿನಗಳ ನಂತರ, ಸೆಪ್ಟೆಂಬರ್ 17ರಂದು, ಸ್ಟಾಲಿನ್ನನ ರಷ್ಯಾ ಪೂರ್ವದಿಂದ ನುಗ್ಗಿತು. ಎರಡು ಬೀಸುವ ಕಲ್ಲುಗಳ ನಡುವೆ ಸಿಕ್ಕ ಕಾಳಿನಂತಾಯಿತು ಆ ಕಥೋಲಿಕ ನಾಡು. ಹಿಟ್ಲರನ ಭಾಗದಲ್ಲಿ ನಡೆದದ್ದನ್ನು ನಾವೆಲ್ಲ ಓದಿದ್ದೇವೆ. ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಕಥೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ಆದರೆ ಸ್ಟಾಲಿನ್ನನ ಭಾಗದಲ್ಲಿ ನಡೆದದ್ದನ್ನು ಕೇಳಿದವರು ಕಡಿಮೆ.

1940ರ ಫೆಬ್ರವರಿ 10ರ ರಾತ್ರಿ, ಕೊರೆಯುವ ಚಳಿಯಲ್ಲಿ, ಪೂರ್ವ ಪೋಲೆಂಡಿನ ಸಾವಿರಾರು ಮನೆಗಳ ಬಾಗಿಲನ್ನು ರಷ್ಯಾದ ಸಿಪಾಯಿಗಳು ತಟ್ಟಿದರು. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಮಯ. ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಹೊರಡಬೇಕು. ತಾಯಂದಿರೇ, ಒಂದು ಕ್ಷಣ ಯೋಚಿಸಿ ನೋಡಿ: ಮಲಗಿದ ಮೂರು ನಾಲ್ಕು ಮಕ್ಕಳನ್ನು ಎಬ್ಬಿಸಿ, ಬಟ್ಟೆ ತೊಡಿಸಿ, ಅರ್ಧ ಗಂಟೆಯಲ್ಲಿ ನೀವು ಏನನ್ನು ತೆಗೆದುಕೊಳ್ಳುವಿರಿ? ಹಿಟ್ಟೋ, ಕಂಬಳಿಯೋ, ಗೋಡೆಯ ಮೇಲಿನ ಮಾತೆ ಮರಿಯಳ ಪಟವೋ? ದನ ಸಾಗಿಸುವ ರೈಲುಡಬ್ಬಿಗಳಲ್ಲಿ ತುಂಬಿ ಅವರನ್ನು ವಾರಗಟ್ಟಲೆ ದೂರದ ಸೈಬೀರಿಯಾಕ್ಕೆ, ಕಜಕಿಸ್ತಾನಕ್ಕೆ, ಉತ್ತರದ ಹಿಮದ ಕಾಡುಗಳಿಗೆ ಒಯ್ಯಲಾಯಿತು. ಏಪ್ರಿಲ್‌ನಲ್ಲಿ ಮತ್ತೊಂದು ತಂಡ, ಜೂನ್‌ನಲ್ಲಿ ಇನ್ನೊಂದು, 1941ರ ಜೂನ್‌ನಲ್ಲಿ ಮಗುದೊಂದು. ರಷ್ಯಾದ ಕಡತಗಳ ಪ್ರಕಾರವೇ ಮೂರು ಲಕ್ಷಕ್ಕೂ ಹೆಚ್ಚು ಜನ. ಪೋಲೆಂಡಿನವರು ಹಿಂದೆ ಹಾಕಿದ್ದ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು. ಏಪ್ರಿಲ್‌ನ ತಂಡದಲ್ಲಿ ಹೋದ ಅನೇಕ ಹೆಂಗಸರ ಗಂಡಂದಿರನ್ನು ಅದೇ ವಸಂತದಲ್ಲಿ ಕತಿನ್ ಮೊದಲಾದ ಕಡೆ ಗುಂಡಿಕ್ಕಿ ಹೂಳಲಾಗಿತ್ತು. ಅವರಿಗೆ ಅದು ತಿಳಿದದ್ದು ವರ್ಷಗಳ ನಂತರ.

ಮರ ಕಡಿಯುವ ಕೆಲಸ, ಅರೆಹೊಟ್ಟೆ, ಟೈಫಸ್ ಜ್ವರ. ಮೊದಲು ಮುದುಕರು ಹೋದರು, ಆಮೇಲೆ ಹಸುಳೆಗಳು, ಆಮೇಲೆ ತಮ್ಮ ಪಾಲಿನ ರೊಟ್ಟಿಯನ್ನು ಮಕ್ಕಳಿಗೆ ಕೊಟ್ಟ ತಾಯಂದಿರು.

1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆಯೇ ತಿರುಗಿ ಬಿದ್ದಾಗ ಆಟದ ಕಾಯಿಗಳು ಅದಲು ಬದಲಾದವು. ಲಂಡನ್ನಿನಲ್ಲಿದ್ದ ಪೋಲೆಂಡಿನ ದೇಶಾಂತರ ಸರ್ಕಾರಕ್ಕೂ ಸ್ಟಾಲಿನ್ನನಿಗೂ ಒಪ್ಪಂದವಾಗಿ, ಗಡೀಪಾರಾದ ಪೋಲರಿಗೆ ಕ್ಷಮಾದಾನ ಸಿಕ್ಕಿತು. ಮಾಡದ ತಪ್ಪಿಗೆ ಎಂಥ ಕ್ಷಮೆ ಎಂದು ನೀವು ಕೇಳಬಹುದು. ಕಾಗದದಲ್ಲಿ ಇದ್ದ ಪದ ಅದೇ. ಶಿಬಿರಗಳಿಂದ ಬಿಡುಗಡೆಯಾದವರು ದಕ್ಷಿಣಕ್ಕೆ, ಬಿಸಿಲಿನ ಕಡೆಗೆ, ನಡೆದೂ ರೈಲು ಹತ್ತಿಯೂ ಹೊರಟರು. ದಾರಿಯುದ್ದಕ್ಕೂ ಸಾವು. ಬದುಕುಳಿದ ಅನಾಥ ಮಕ್ಕಳನ್ನು ತುರ್ಕಮೆನಿಸ್ತಾನದ ಆಷ್ಕಾಬಾದ್ ಮುಂತಾದ ಊರುಗಳಲ್ಲಿ ಒಟ್ಟುಗೂಡಿಸಲಾಯಿತು. ಕೆಲವು ಮಕ್ಕಳಿಗೆ ತಮ್ಮ ಅಡ್ಡಹೆಸರೇ ಮರೆತುಹೋಗಿತ್ತು.

ಈ ಮಕ್ಕಳನ್ನು ಯಾರು ತೆಗೆದುಕೊಳ್ಳುವರು? ಪ್ರಪಂಚವೆಲ್ಲ ಯುದ್ಧದಲ್ಲಿತ್ತು. ಇಂದು ನಾವು ಮಾತನಾಡುವ ನಿರಾಶ್ರಿತರ ಒಪ್ಪಂದ, ವಿಶ್ವಸಂಸ್ಥೆ ಯಾವುದೂ ಆಗ ಇರಲಿಲ್ಲ. ಭಾರತದ ಸ್ಥಿತಿಯೂ ಸುಖದ್ದಲ್ಲ. ಜಪಾನೀಯರಿಗೆ ಹೆದರಿ ಬರ್ಮಾದಿಂದ ಲಕ್ಷಗಟ್ಟಲೆ ಭಾರತೀಯರೇ ಕಾಡು ಬೆಟ್ಟಗಳನ್ನು ದಾಟಿ ಅಸ್ಸಾಮಿಗೆ ನಡೆದು ಬರುತ್ತಿದ್ದ ವರ್ಷ 1942. ಕಾಳುಕಡಿಗೆ ಬೆಲೆ ಏರುತ್ತಿತ್ತು. ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾಯಿತು. ಮರುವರ್ಷ ಬಂಗಾಳದಲ್ಲಿ ಬರ. ಇಂಥ ದೇಶದಲ್ಲಿ ಪರದೇಶದ ಮಕ್ಕಳಿಗೆ ಜಾಗ ಕೇಳುವುದು ಹೇಗೆ? ಮುಂಬಯಿಯಲ್ಲಿದ್ದ ಪೋಲೆಂಡಿನ ಕಾನ್ಸುಲ್ ಜನರಲ್ ಯೂಜೆನಿಯುಶ್ ಬನಾಸಿನ್‌ಸ್ಕಿ ಮತ್ತು ಅವರ ಪತ್ನಿ ಕೀರಾ ಕೇಳಿದರು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದರೆ ಒಪ್ಪಿಗೆ ಬೇರೆ, ಜಾಗ ಬೇರೆ. ಜಾಗ ಕೊಡುತ್ತೇನೆ ಎಂದು ಮುಂದೆ ಬಂದವರು ಜಾಮ್ ಸಾಹೇಬರು. ತಮ್ಮ ರಾಜಧಾನಿ ಜಾಮ್‌ನಗರದಿಂದ ಸುಮಾರು 25 ಕಿಲೊಮೀಟರ್ ದೂರದ ಬಾಲಾಚಡಿಯಲ್ಲಿ, ಕಚ್ಛ್ ಕೊಲ್ಲಿಯ ದಡದಲ್ಲಿ, ಅವರ ಬೇಸಿಗೆಯ ಅರಮನೆ ಇತ್ತು. ಅದರ ಪಕ್ಕದ ನೆಲವನ್ನೇ ಅವರು ಮಕ್ಕಳಿಗೆ ಬಿಟ್ಟುಕೊಟ್ಟರು.

ಪೋಲೆಂಡಿನ ಮೇಲೆ ಅವರಿಗೆ ಏಕೆ ಅಷ್ಟು ಮಮತೆ ಎಂದರೆ ಅದಕ್ಕೆ ಒಂದು ಹಳೆಯ ಎಳೆ ಇದೆ. ಮೊದಲ ಮಹಾಯುದ್ಧದ ನಂತರ ರಣಜಿ ಲೀಗ್ ಆಫ್ ನೇಷನ್ಸ್ ಸಭೆಗೆಂದು ಜಿನೀವಾಕ್ಕೆ ಹೋಗಿದ್ದಾಗ, ಪಿಯಾನೋ ವಾದಕರಾಗಿ ಜಗತ್ಪ್ರಸಿದ್ಧರಾಗಿ ಪೋಲೆಂಡಿನ ಪ್ರಧಾನಿಯೂ ಆಗಿದ್ದ ಇಗ್ನಾಸಿ ಪಾದೆರೆವ್‌ಸ್ಕಿಯವರ ಪರಿಚಯ ಆ ಮನೆತನಕ್ಕಾಗಿತ್ತು. ಆ ನೆನಪನ್ನು ಜಾಮ್ ಸಾಹೇಬರು ತಾವೇ ಹೇಳಿಕೊಂಡಿದ್ದರು. ಎಷ್ಟೋ ಸಲ ಹೀಗೆಯೇ ಅಲ್ಲವೇ? ಮನೆಗೆ ಒಮ್ಮೆ ಬಂದುಹೋದ ಅತಿಥಿಯ ನೆನಪು ಇಪ್ಪತ್ತು ವರ್ಷದ ಮೇಲೆ ಬಾಗಿಲು ತೆರೆಯುತ್ತದೆ.

ಇಲ್ಲಿ ಒಂದು ತಪ್ಪು ಕಥೆಯನ್ನು ಸರಿಪಡಿಸಬೇಕು. ಮಕ್ಕಳನ್ನು ತುಂಬಿಕೊಂಡ ಒಂದು ಹಡಗು ಬಂದರಿನಿಂದ ಬಂದರಿಗೆ ಅಲೆಯಿತು, ಎಲ್ಲರೂ ತಿರಸ್ಕರಿಸಿದರು, ಮುಂಬಯಿಯಲ್ಲೂ ಇಳಿಯಗೊಡಲಿಲ್ಲ, ಕೊನೆಗೆ ಮಹಾರಾಜರು ತಮ್ಮ ಬಂದರಿನಲ್ಲಿ ಇಳಿಸಿಕೊಂಡರು ಎಂದು ಈಗ ಬಹಳ ಮಂದಿ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಮೊದಲ ಮಕ್ಕಳು ಬಂದದ್ದು ನೆಲದ ಮೇಲೆ. ಮುಂಬಯಿಯಿಂದ ಔಷಧಿ, ಬಟ್ಟೆ, ಆಹಾರ ಹೊತ್ತು ಹೋದ ಲಾರಿಗಳು ಆಷ್ಕಾಬಾದಿನಿಂದ ಮಕ್ಕಳನ್ನು ಹತ್ತಿಸಿಕೊಂಡು, ಇರಾನಿನ ಮಷ್ಹದ್, ಜಾಹಿದಾನ್ ಊರುಗಳ ಬೆಟ್ಟ ಮರುಭೂಮಿಗಳನ್ನು ದಾಟಿ ಕ್ವೆಟ್ಟಾ ಕಡೆಯಿಂದ ಭಾರತಕ್ಕೆ ಬಂದವು. ಅಲ್ಲಿಂದ ಮುಂದೆ ರೈಲು. ಪೋಲೆಂಡಿನ ಹೆಸರಾಂತ ಗಾಯಕಿ ಹಾಂಕಾ ಒರ್ಡೊನುವ್ನಾ, ತಾವೇ ಕ್ಷಯರೋಗದಿಂದ ನರಳುತ್ತಿದ್ದರೂ, ಈ ಮಕ್ಕಳ ಜೊತೆ ಪ್ರಯಾಣ ಮಾಡಿ ಮುಂದೆ ಆ ಅನುಭವವನ್ನು ಪುಸ್ತಕವಾಗಿ ಬರೆದರು. ಹಡಗಿನ ಕಥೆಗಿಂತ ಈ ಲಾರಿಯ ಕಥೆ ನನಗೆ ಹೆಚ್ಚು ಹಿಡಿಸುತ್ತದೆ. ಏಕೆಂದರೆ ಇದರಲ್ಲಿ ಒಬ್ಬ ಮಹಾರಾಜನಲ್ಲದೆ ಚಾಲಕರು, ದಾದಿಯರು, ಕಡತಕ್ಕೆ ಸಹಿ ಮಾಡಿದ ಗುಮಾಸ್ತರು ಎಲ್ಲರೂ ಇದ್ದಾರೆ.

ಮಕ್ಕಳು 1942ರ ಏಪ್ರಿಲ್‌ನಲ್ಲಿ ಮುಂಬಯಿ ತಲುಪಿ, ನಮ್ಮವರಿಗೆ ಚಿರಪರಿಚಿತವಾದ ಬಾಂದ್ರಾದಲ್ಲಿ ಸುಮಾರು ಮೂರು ತಿಂಗಳು ಇದ್ದರು. ಮೂಳೆ ಚಕ್ಕಳವಾಗಿದ್ದ ಮೈಗೆ ಸ್ವಲ್ಪ ಮಾಂಸ ಬರಬೇಕಿತ್ತು, ತಲೆಯ ಹುಣ್ಣು ಮಾಯಬೇಕಿತ್ತು. ಜುಲೈಯಲ್ಲಿ ಬಾಲಾಚಡಿಯ ಶಿಬಿರ ಸಿದ್ಧವಾಯಿತು. ಅಲ್ಲಿಗೆ ಬಂದ ಮಕ್ಕಳನ್ನು ಜಾಮ್ ಸಾಹೇಬರು ಸ್ವಾಗತಿಸಿ, ಇನ್ನು ಮೇಲೆ ನಿಮ್ಮನ್ನು ನೀವು ಅನಾಥರೆಂದು ತಿಳಿಯಬೇಡಿರಿ, ನವಾನಗರದ ಜನರೆಲ್ಲರಿಗೂ ನಾನು ಬಾಪು, ಆದ್ದರಿಂದ ನಿಮಗೂ ಬಾಪು ಎಂಬ ಅರ್ಥದ ಮಾತನ್ನು ಆಡಿದರೆಂದು ಅಲ್ಲಿದ್ದ ಮಕ್ಕಳು ಮುದುಕರಾದ ಮೇಲೂ ನೆನೆಯುತ್ತಿದ್ದರು. ಗುಜರಾತಿಯಲ್ಲಿ ಬಾಪು ಎಂದರೆ ತಂದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲು ಐನೂರು ಮಕ್ಕಳಿಗೆಂದು ಹಾಕಿದ ಅಂದಾಜು ಬೆಳೆಯಿತು. ಆರುನೂರಕ್ಕೂ ಹೆಚ್ಚು ಮಕ್ಕಳು ಅಲ್ಲಿ ಬೆಳೆದರು. ಬಂದು ಹೋದವರನ್ನೆಲ್ಲ ಸೇರಿಸಿ ಸಾವಿರ ಎನ್ನುವವರೂ ಇದ್ದಾರೆ. ಎರಡು ಮೂರು ವರ್ಷದ ಕೂಸುಗಳಿಂದ ಹದಿನಾರು ಹದಿನೇಳರ ಹುಡುಗರವರೆಗೆ. ಸಾಲು ಸಾಲು ಹೆಂಚಿನ ಬ್ಯಾರಕ್ಕುಗಳು, ಪ್ರತಿ ಮಗುವಿಗೂ ಒಂದು ಮಂಚ. ಎಷ್ಟೋ ತಿಂಗಳುಗಳಿಂದ ನೆಲದ ಮೇಲೆ ಹುಲ್ಲಿನಲ್ಲಿ ಮಲಗಿದ್ದ ಮಗುವಿಗೆ ಒಂದು ಸ್ವಂತ ಮಂಚ ಎಂದರೆ ಏನು ಎಂಬುದನ್ನು ನೀವೇ ಊಹಿಸಿ. ಹಸಿವು ಕಂಡ ಮಕ್ಕಳು ರೊಟ್ಟಿಯ ಚೂರನ್ನು ದಿಂಬಿನ ಕೆಳಗೆ ಬಚ್ಚಿಡುವುದನ್ನು ಬಿಡಲು ಬಹಳ ಕಾಲ ಹಿಡಿಯುತ್ತದೆ. ನಾಳೆಯೂ ಊಟ ಇದೆ ಎಂದು ಬಾಯಲ್ಲಿ ಹೇಳಿದರೆ ಹಸಿದ ಮಗು ನಂಬುವುದಿಲ್ಲ. ನಾಳೆ ಬರಬೇಕು, ಊಟವೂ ಬರಬೇಕು, ಹಾಗೆ ನೂರು ನಾಳೆಗಳು ಕಳೆಯಬೇಕು.

ಶಿಬಿರದ ಮೇಲ್ವಿಚಾರಣೆ ಒಬ್ಬ ಕಥೋಲಿಕ ಗುರುಗಳ ಕೈಯಲ್ಲಿತ್ತು: ಪೋಲೆಂಡಿನ ವಂದನೀಯ ಫಾದರ್ ಫ್ರಾನ್ಸಿಷೆಕ್ ಪ್ಲೂತಾ. ಶಿಬಿರದಲ್ಲಿ ಪ್ರಾರ್ಥನಾಲಯ ಇತ್ತು, ಪೋಲಿಷ್ ಭಾಷೆಯ ಶಾಲೆ ಇತ್ತು, ಸ್ಕೌಟ್ ಪಡೆ ಇತ್ತು, ಕಂಬದ ಮೇಲೆ ಬಿಳಿ ಕೆಂಪು ಬಣ್ಣದ ಪೋಲೆಂಡಿನ ಬಾವುಟ ಹಾರುತ್ತಿತ್ತು. ಆಗ ಪೋಲೆಂಡಿನ ನೆಲದಲ್ಲೇ ಆ ಬಾವುಟ ಹಾರಿಸುವಂತಿರಲಿಲ್ಲ ಎಂಬುದನ್ನು ಗಮನಿಸಿ. ಜಾಮ್ ಸಾಹೇಬರು ನಿಷ್ಠಾವಂತ ಹಿಂದೂಗಳು. ಸೋಮನಾಥ ದೇವಾಲಯವನ್ನು ಮತ್ತೆ ಕಟ್ಟುವಾಗ 1950ರಲ್ಲಿ ಅಡಿಗಲ್ಲು ಇಟ್ಟವರು ಅವರೇ. ಅಂಥವರು ತಮ್ಮ ಅಂಗಳದಲ್ಲಿ ಬಲಿಪೂಜೆ ನಡೆಯಲು, ಮಕ್ಕಳು ಜಪಸರ ಹಿಡಿದು ಪ್ರಾರ್ಥಿಸಲು, ಪ್ರಥಮ ಪರಮಪ್ರಸಾದಕ್ಕೆ ಅಣಿಯಾಗಲು ಎಲ್ಲ ಅನುಕೂಲ ಮಾಡಿಕೊಟ್ಟರು. ನನ್ನ ಮಟ್ಟಿಗೆ ಇದು ಅನ್ನ ಕೊಟ್ಟದ್ದಕ್ಕಿಂತ ದೊಡ್ಡದು. ಅನ್ನ ಕೊಡುವ ಕೈ ಎಷ್ಟೋ ಸಲ ಅನ್ನದ ಜೊತೆಗೆ ತನ್ನ ಪದ್ಧತಿಯನ್ನೂ ತಿನ್ನಿಸಲು ನೋಡುತ್ತದೆ. ಈ ಮಕ್ಕಳು ಮುಂದೊಂದು ದಿನ ತಮ್ಮ ಮನೆಗೆ ಮರಳುವವರು, ಅಲ್ಲಿಯವರೆಗೆ ಅವರ ಭಾಷೆ ಅವರ ಬಾಯಲ್ಲೂ ಅವರ ಪ್ರಾರ್ಥನೆ ಅವರ ನಾಲಿಗೆಯಲ್ಲೂ ಉಳಿಯಬೇಕು ಎಂಬ ಅರಿವು ಆ ಅರಸರಿಗಿತ್ತು.

ಊಟದ ವಿಷಯದಲ್ಲಿ ಮಾತ್ರ ಮೊದಲು ಫಜೀತಿಯಾಯಿತು. ಗುಜರಾತಿನ ಖಾರ, ಮಸಾಲೆ ಆ ಮಕ್ಕಳ ಹೊಟ್ಟೆಗೆ ಒಗ್ಗಲಿಲ್ಲ. ಆಗ ಗೋವಾದಿಂದ ಅಡುಗೆಯವರನ್ನು ಕರೆಸಲಾಯಿತು. ನಮ್ಮ ಕರಾವಳಿಯ ನೆರೆಯ ಗೋವೆಯವರ ಕೈರುಚಿ ಪೋಲೆಂಡಿನ ಮಕ್ಕಳನ್ನು ಸಾಕಿತು ಎಂದರೆ ನಿಮಗೆ ಸಂತೋಷವಾಗದಿರದು! ಇನ್ನೊಂದು ಘಟನೆಯನ್ನು ಶಿಬಿರದ ಮಕ್ಕಳು ದೊಡ್ಡವರಾದ ಮೇಲೂ ನಗುತ್ತಾ ಹೇಳುತ್ತಿದ್ದರು. ದಿನವೂ ಪಾಲಕ್ ಸೊಪ್ಪು ಬೇಯಿಸಿ ಹಾಕುತ್ತಿದ್ದರಂತೆ. ಬೇಸತ್ತ ಮಕ್ಕಳು ಊಟ ಮುಟ್ಟದೆ ಮುಷ್ಕರ ಹೂಡಿದರು. ಸುದ್ದಿ ಅರಮನೆಗೆ ಮುಟ್ಟಿತು. ಜಾಮ್ ಸಾಹೇಬರು ಮಕ್ಕಳ ಪಕ್ಷ ವಹಿಸಿ, ಇನ್ನು ಆ ಸೊಪ್ಪು ಬೇಡ ಎಂದು ಅಪ್ಪಣೆ ಮಾಡಿದರು. ಸೈಬೀರಿಯಾದಲ್ಲಿ ಹುಲ್ಲು ಬೇರು ತಿಂದಿದ್ದ ಮಕ್ಕಳು ಸೊಪ್ಪು ಬೇಡವೆಂದು ಹಟ ಹಿಡಿಯುವಷ್ಟು ಚೇತರಿಸಿಕೊಂಡಿದ್ದರು. ಮನೆಯಲ್ಲಿ ಮಕ್ಕಳು ತಟ್ಟೆ ದೂಡಿದಾಗ ರೇಗುವ ನಮಗೆ, ಹಾಗೆ ದೂಡುವುದೂ ಆರೋಗ್ಯದ ಗುರುತು ಎಂದು ಆ ಅರಸರು ಕಂಡರೆಂಬುದು ಸ್ವಲ್ಪ ನಾಚಿಕೆ ತರಿಸುತ್ತದೆ.

ಅವರಿಗೆ ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ಅರಮನೆಯ ಮಕ್ಕಳೂ ಶಿಬಿರದ ಮಕ್ಕಳೂ ಒಟ್ಟಿಗೆ ಆಡುತ್ತಿದ್ದರು. ಪೋಲೆಂಡಿನ ಮಕ್ಕಳು ನಾಟಕ ಆಡಿದರೆ, ತಮ್ಮ ನಾಡಿನ ಕುಣಿತ ಕುಣಿದರೆ ನೋಡಲು ಅರಸರು ಬರುತ್ತಿದ್ದರು. ಪೋಲೆಂಡಿನ ಕಥೋಲಿಕರಲ್ಲಿ ಒಂದು ಪದ್ಧತಿ ಇದೆ, ನೀವು ಕೇಳಿರಬಹುದು. ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಕುಟುಂಬದವರೆಲ್ಲ ಕೂತಾಗ ಒಂದು ಎಲೆ, ಒಂದು ಕುರ್ಚಿಯನ್ನು ಖಾಲಿ ಬಿಡುತ್ತಾರೆ. ಕರೆಯದೆ ಬರುವ ಅಪರಿಚಿತನಿಗೆಂದು. ಆ ಖಾಲಿ ಕುರ್ಚಿಯ ಮನೆಗಳಿಂದ ಬಂದ ಮಕ್ಕಳಿಗೆ ಸಾವಿರಾರು ಮೈಲಿ ದೂರದಲ್ಲಿ ಬೇರೆ ಧರ್ಮದವನೊಬ್ಬ ಕುರ್ಚಿ ಎಳೆದು ಕೊಟ್ಟಿದ್ದ.

ಖರ್ಚಿನ ಮಾತು ಬರೆಯದೆ ಹೋದರೆ ತಪ್ಪಾಗುತ್ತದೆ. ಪ್ರೀತಿಯೊಂದರಿಂದ ಆರುನೂರು ಮಕ್ಕಳ ಹೊಟ್ಟೆ ತುಂಬುವುದಿಲ್ಲ. ಲಂಡನ್ನಿನ ಪೋಲಿಷ್ ಸರ್ಕಾರ ಹೊಣೆ ಹೊತ್ತಿತ್ತು, ಆದರೆ ಅದರದ್ದೇ ನೆಲೆ ಪರರ ಮನೆಯಲ್ಲಿ. ಜಾಮ್ ಸಾಹೇಬರು ಸಂಸ್ಥಾನಿಕರ ಮಂಡಲಿಯ ಮುಖ್ಯಸ್ಥರಾಗಿದ್ದ ವರ್ಚಸ್ಸನ್ನು ಬಳಸಿ ಇತರ ಅರಸರನ್ನೂ ಶ್ರೀಮಂತರನ್ನೂ ಕೇಳಿದರು, ಹಣ ಬಂತು. ಬಾಲಾಚಡಿಯ ಮಾದರಿ ನೋಡಿ ಇನ್ನೊಂದು, ಬಹು ದೊಡ್ಡ ಶಿಬಿರ 1943ರಲ್ಲಿ ತೆರೆಯಿತು. ಅದು ನಮಗೆ ಬಹಳ ಹತ್ತಿರ: ಕೊಲ್ಹಾಪುರದ ಪಕ್ಕದ ವಳಿವಡೆ, ಬೆಳಗಾವಿಯವರಿಗೆ ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿ. ಅಲ್ಲಿ ಸುಮಾರು ಐದು ಸಾವಿರ ಪೋಲರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಯುದ್ಧ ಮುಗಿಯುವವರೆಗೂ ಆಮೇಲೂ ಬದುಕಿದರು.

ಇನ್ನು ಕಥೆಯ ಕಠಿಣ ಭಾಗಕ್ಕೆ ಬರೋಣ. 1945ರಲ್ಲಿ ಯುದ್ಧ ಮುಗಿಯಿತು. ಎಲ್ಲರೂ ಸಂತೋಷಪಟ್ಟರು. ಬಾಲಾಚಡಿಯಲ್ಲಿ ಮಾತ್ರ ಹೊಸ ಭಯ ಹುಟ್ಟಿತು. ದೊಡ್ಡ ರಾಷ್ಟ್ರಗಳು ಯಾಲ್ಟಾದಲ್ಲಿ ಕೂತು ಪೋಲೆಂಡನ್ನು ಸ್ಟಾಲಿನ್ನನ ಹಿಡಿತಕ್ಕೆ ಬಿಟ್ಟುಕೊಟ್ಟಿದ್ದವು. 1945ರ ಜುಲೈಯಲ್ಲಿ ಬ್ರಿಟನ್ ಮತ್ತು ಅಮೆರಿಕ ಲಂಡನ್ನಿನ ಪೋಲಿಷ್ ಸರ್ಕಾರಕ್ಕೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡು ವಾರ್ಸಾದ ಹೊಸ ಸರ್ಕಾರವನ್ನು ಒಪ್ಪಿಕೊಂಡವು. ಮಕ್ಕಳನ್ನು ಕಳುಹಿಸಿದ್ದ, ಅವರ ಪರವಾಗಿ ಸಹಿ ಹಾಕಿದ್ದ ಸರ್ಕಾರವೇ ಕಾನೂನಿನ ಕಣ್ಣಿನಲ್ಲಿ ಇಲ್ಲವಾಯಿತು. ಅವರ ಹುಟ್ಟೂರುಗಳಲ್ಲಿ ಬಹುಪಾಲು ಈಗ ಪೋಲೆಂಡಿನಲ್ಲೇ ಇರಲಿಲ್ಲ. ಗಡಿಯನ್ನೇ ಸರಿಸಿ ಅವು ರಷ್ಯಾಕ್ಕೆ ಸೇರಿದ್ದವು. ಹೊಸ ವಾರ್ಸಾ ಸರ್ಕಾರ, ಮಕ್ಕಳು ನಮ್ಮವರು, ನಮಗೆ ಕಳುಹಿಸಿ ಎಂದು ಕೇಳತೊಡಗಿತು.

ಸುಮ್ಮನೆ ನೋಡಿದರೆ ಅದು ನ್ಯಾಯವಾಗಿಯೇ ಕಾಣುತ್ತದೆ. ಪೋಲೆಂಡಿನ ಮಕ್ಕಳು ಪೋಲೆಂಡಿಗೆ ಹೋಗಲಿ ಎಂದು ನೀವೂ ಹೇಳಬಹುದು. ಆದರೆ ಮಧ್ಯರಾತ್ರಿ ಬಾಗಿಲು ತಟ್ಟಿ ತಮ್ಮನ್ನು ಎಳೆದೊಯ್ದವರ ನೆರಳಿನ ಆಡಳಿತಕ್ಕೆ, ಯಾರೂ ಕಾಯದ ಊರಿಗೆ ಅನಾಥ ಮಗುವನ್ನು ಕಳುಹಿಸುವುದು ಮನೆಗೆ ಕಳುಹಿಸಿದಂತೆ ಆಗುವುದೇ? ಮಕ್ಕಳಲ್ಲಿ ಅನೇಕರಿಗೆ ರಷ್ಯಾದ ಹೆಸರು ಕೇಳಿದರೆ ನಡುಕ ಬರುತ್ತಿತ್ತು.

ಆಗ ಜಾಮ್ ಸಾಹೇಬರು ಒಂದು ಹೆಜ್ಜೆ ಇಟ್ಟರು. ಅವರು, ಫಾದರ್ ಪ್ಲೂತಾ ಮತ್ತು ಬ್ರಿಟಿಷರ ಕಡೆಯ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಜೆಫ್ರಿ ಕ್ಲಾರ್ಕ್, ಈ ಮೂವರು ಸೇರಿ ಅನಾಥ ಮಕ್ಕಳನ್ನು ಕಾನೂನುಬದ್ಧವಾಗಿ ದತ್ತು ಪಡೆದರು. ಒಬ್ಬ ಹಿಂದೂ ಅರಸ, ಒಬ್ಬ ಕಥೋಲಿಕ ಗುರು, ಒಬ್ಬ ಆಂಗ್ಲ ಸೈನಿಕ. ಈಗ ಯಾವ ಸರ್ಕಾರ ಬಂದು ಕೇಳಿದರೂ ಮಕ್ಕಳಿಗೆ ಪೋಷಕರಿದ್ದರು, ಪೋಷಕರ ಒಪ್ಪಿಗೆ ಇಲ್ಲದೆ ಕರೆದೊಯ್ಯುವಂತಿರಲಿಲ್ಲ. ಮೊದಲ ದಿನ ಬಾಯಿಮಾತಿನಲ್ಲಿ ಆಡಿದ ಬಾಪು ಎಂಬ ಪದ ಮೂರು ವರ್ಷದ ಮೇಲೆ ದಸ್ತಾವೇಜಿನ ಮೇಲೆ ಮೊಹರಾಗಿ ಬಂತು. ದತ್ತು ಎಂದು ಬರಮಾಡಿಕೊಂಡು ಬದಿಗೆ ತಳ್ಳಿಸಿಕೊಂಡ ರಣಜಿಯವರ ಮನೆಯಲ್ಲಿ ಈ ಸಲ ಕೊಟ್ಟ ದತ್ತು ಹಿಂದಕ್ಕೆ ಹೋಗಲಿಲ್ಲ.

ವಾರ್ಸಾ ಸರ್ಕಾರಕ್ಕೆ ಸಿಟ್ಟು ಬಂದದ್ದು ಸಹಜ. ಮಕ್ಕಳಲ್ಲಿ ಒಂದು ಗುಂಪನ್ನು ಫಾದರ್ ಪ್ಲೂತಾ ಅಮೆರಿಕಕ್ಕೆ ಕರೆದೊಯ್ದಾಗ ಅದು ಅವರನ್ನು ಮಕ್ಕಳ ಅಪಹರಣಕಾರ ಎಂದು ಜರೆಯಿತು. ಒಬ್ಬ ಗುರುವಿಗೆ ಇದಕ್ಕಿಂತ ಕೆಟ್ಟ ಬಿರುದು ಇರಲಾರದು. ಆದರೆ ಒಂದನ್ನು ನ್ಯಾಯವಾಗಿ ಹೇಳಬೇಕು: ಯಾರ ತಂದೆಯೋ ತಾಯಿಯೋ ಪೋಲೆಂಡಿನಲ್ಲಿ ಬದುಕಿರುವುದು ಪತ್ತೆಯಾಯಿತೋ ಅಂಥ ಮಕ್ಕಳು ಅಲ್ಲಿಗೇ ಹೋದರು. ಹೋಗಲು ಬಯಸಿದವರನ್ನು ತಡೆಯಲಿಲ್ಲ. ಹೋಗಲು ಹೆದರಿದವರನ್ನು ತಳ್ಳಲಿಲ್ಲ. 1951ರಲ್ಲಿ ಜಿನೀವಾದಲ್ಲಿ ಆದ ನಿರಾಶ್ರಿತರ ಒಪ್ಪಂದದ ತಿರುಳೂ ಇದೇ, ಅಪಾಯವಿರುವ ಕಡೆಗೆ ಯಾರನ್ನೂ ಬಲವಂತವಾಗಿ ಹಿಂದಕ್ಕೆ ಕಳುಹಿಸಬಾರದು ಎಂಬುದು. ಆ ಒಪ್ಪಂದಕ್ಕೆ ಪೋಲೆಂಡ್ ಸೇರಿದ್ದು ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ, 1991ರಲ್ಲಿ. ಭಾರತ ಇದುವರೆಗೂ ಸಹಿ ಹಾಕಿಲ್ಲ. ಸಹಿ ಇಲ್ಲದೆಯೂ ಟಿಬೆಟ್ಟಿನವರಿಗೆ ನಮ್ಮ ಬೈಲಕುಪ್ಪೆಯಲ್ಲಿ ನೆಲ ಸಿಕ್ಕಿತು, ನಿಜ. ಆದರೂ ಅರಸನ ಒಳ್ಳೆಯತನದ ಮೇಲೆ ನಿಂತ ರಕ್ಷಣೆ ಅರಸ ಬದಲಾದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾನು ಮರೆಯಲಾರೆ. ಆ ಮೂವರೂ ಕೇವಲ ಕರುಣೆಯನ್ನು ನೆಚ್ಚದೆ ಕಾನೂನಿನ ಕಾಗದ ಮಾಡಿಸಿದ್ದು ಇದೇ ಕಾರಣಕ್ಕೆ ಇರಬೇಕು.

1946ರ ಕೊನೆಯಲ್ಲಿ ಬಾಲಾಚಡಿ ಮುಚ್ಚಿತು. ಉಳಿದ ಮಕ್ಕಳು ವಳಿವಡೆಗೆ ಹೋದರು. 1948ರ ಹೊತ್ತಿಗೆ ಅದೂ ಖಾಲಿಯಾಯಿತು. ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕ, ಪೋಲೆಂಡ್ ಎಂದು ಮಕ್ಕಳು ಚದುರಿದರು. ವಳಿವಡೆಯ ಆ ಬ್ಯಾರಕ್ಕುಗಳಿಗೆ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಸಿಂಧಿ ಕುಟುಂಬಗಳು ಬಂದು ಸೇರಿದವು. ಒಂದು ದೇಶದ ನಿರಾಶ್ರಿತರು ಎದ್ದ ಜಾಗದಲ್ಲಿ ಇನ್ನೊಂದು ದೇಶದ ನಿರಾಶ್ರಿತರು ಒಲೆ ಹಚ್ಚಿದರು. ಇಂದು ಅದು ಗಾಂಧಿನಗರ ಎಂಬ ಬಟ್ಟೆ ವ್ಯಾಪಾರದ ಊರು.

ಜಾಮ್ ಸಾಹೇಬರು ತಮ್ಮ ಸಂಸ್ಥಾನವನ್ನು ಸ್ವತಂತ್ರ ಭಾರತಕ್ಕೆ ಸೇರಿಸಿ, 1948ರಿಂದ 1956ರವರೆಗೆ ಸೌರಾಷ್ಟ್ರದ ರಾಜಪ್ರಮುಖರಾಗಿದ್ದರು. ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲೂ ಕೆಲಸ ಮಾಡಿದರು. 1966ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಪೋಲೆಂಡಿನಲ್ಲಿ ಅವರ ಕೆಲಸದ ಬಗೆಗೆ ಬಹಿರಂಗವಾಗಿ ಹೇಳುವುದು ಕಷ್ಟವಿತ್ತು. ಮಕ್ಕಳು ಭಾರತಕ್ಕೆ ಹೇಗೆ ಬಂದರು ಎಂದು ಹೇಳಹೊರಟರೆ ಸೈಬೀರಿಯಾದ ಮಾತು ಬರುತ್ತದೆ, ಸೈಬೀರಿಯಾದ ಮಾತು ಬಂದರೆ ಪೊಲೀಸರು ಬರುತ್ತಾರೆ. ಹಾಗಾಗಿ ಉಪಕಾರ ಪಡೆದವರು ಮನೆಯೊಳಗೆ ಮಾತ್ರ, ಮಕ್ಕಳು ಮೊಮ್ಮಕ್ಕಳಿಗೆ ಮಾತ್ರ ಹೇಳಿಕೊಂಡರು.

1986ರ ಫೆಬ್ರವರಿಯಲ್ಲಿ ಪೋಲೆಂಡಿನವರಾದ ಜಗದ್ಗುರು ಎರಡನೇ ಜಾನ್ ಪಾಲ್ ಮಂಗಳೂರಿಗೆ ಬಂದಾಗ ಅವರನ್ನು ನೋಡಲು ಹೋದವರು ನಿಮ್ಮಲ್ಲಿ ಅನೇಕರಿರಬಹುದು. 1942ರಲ್ಲಿ, ಬಾಲಾಚಡಿಯ ಬ್ಯಾರಕ್ಕುಗಳಲ್ಲಿ ಮಕ್ಕಳು ಮಂಚ ಹತ್ತಿ ಮಲಗಿದ ಅದೇ ವರ್ಷ, ಅವರು ಜರ್ಮನರ ಹಿಡಿತದಲ್ಲಿದ್ದ ಕ್ರಾಕೋವಿನಲ್ಲಿ ಕೂಲಿ ಕೆಲಸ ಮಾಡುತ್ತಾ ಗುಟ್ಟಾಗಿ ಗುರುಮಠದ ಓದು ಆರಂಭಿಸಿದ್ದರು.

1989ರ ನಂತರ ಪೋಲೆಂಡಿನಲ್ಲಿ ಬಾಯಿಗಳು ತೆರೆದವು. ಪೋಲೆಂಡ್ ಸ್ವತಂತ್ರವಾದ ಮೇಲೆ ವಾರ್ಸಾದ ಒಂದು ಬೀದಿಗೆ ತಮ್ಮ ಹೆಸರಿಟ್ಟರೆ ಸಾಕು ಎಂದು ಜಾಮ್ ಸಾಹೇಬರು ಕೇಳಿದ್ದರೆಂದು ಅಲ್ಲಿ ಹೇಳುತ್ತಾರೆ. ಬೀದಿಗೆ ಮೊದಲು ಶಾಲೆಯೊಂದು ಅವರ ಹೆಸರು ಪಡೆಯಿತು, 1999ರಲ್ಲಿ. ಆಮೇಲೆ ನಗರದ ಓಹೊತಾ ಭಾಗದಲ್ಲಿ ಒಂದು ಪುಟ್ಟ ಚೌಕಕ್ಕೆ ಒಳ್ಳೆಯ ಮಹಾರಾಜರ ಚೌಕ ಎಂದು ಹೆಸರಿಟ್ಟರು. ಪೋಲೆಂಡಿನ ಸರ್ಕಾರ ಮರಣೋತ್ತರವಾಗಿ ಗೌರವ ಪದಕವನ್ನೂ ಕೊಟ್ಟಿತು.

ಬಾಲಾಚಡಿಯ ಶಿಬಿರವಿದ್ದ ನೆಲದಲ್ಲಿ ಈಗ ಸೈನಿಕ ಶಾಲೆ ಇದೆ. ಅಲ್ಲಿ ಪೋಲೆಂಡಿನ ಮಕ್ಕಳ ನೆನಪಿಗೆ ಒಂದು ಕಲ್ಲು ನೆಟ್ಟಿದ್ದಾರೆ. ತಲೆ ನರೆತ ಮೇಲೆ ಕೋಲೂರಿಕೊಂಡು ಆ ಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬಂದು, ತಮ್ಮ ಮಂಚ ಯಾವ ಕಡೆಗೆ ಇತ್ತು, ಕಡಲಿಗೆ ಇಳಿಯುವ ದಾರಿ ಎಲ್ಲಿತ್ತು ಎಂದು ತೋರಿಸಿದರು.